ಮೂರು ಗುಳಿಗೆ, ಆರು ಔಷಧ: ವಾಂತಿಭೇದಿಯ ಮೂರನೆಯ ದಿನ ಮೂತ್ರ ನಿಂತ ಒಂದು ಪ್ರಕರಣ

ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ, ಮಾರ್ಚ್ ತಿಂಗಳ ಒಂದು ಭಾನುವಾರ ಲಗ್ನದ ಊಟ ಮಾಡಿ ಬಂದ ಒಂದೇ ಮನೆಯ ಐವರಿಗೆ ಮರುದಿನ ಸಂಜೆಯಿಂದ ವಾಂತಿಭೇದಿ ಶುರುವಾಯಿತು. ಅಜ್ಜ, ಮಗ ಮತ್ತು ಇಬ್ಬರು ಮೊಮ್ಮಕ್ಕಳು ಎರಡು ದಿನಗಳಲ್ಲಿ ಚೇತರಿಸಿಕೊಂಡರು. 56 ವರ್ಷದ ಅಜ್ಜಿಯನ್ನು ಮಾತ್ರ ಗುರುವಾರ ನಸುಕಿನಲ್ಲಿ, ಅರೆಪ್ರಜ್ಞೆಯಲ್ಲಿ, ನಾವು ಕೆಲಸ ಮಾಡುವ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆತರಬೇಕಾಯಿತು. ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಊಟ ಉಂಡ ಐವರಲ್ಲಿ ಒಬ್ಬರ ಮೂತ್ರಪಿಂಡ ಮಾತ್ರ ಏಕೆ ಕೆಲಸ ನಿಲ್ಲಿಸಿತು ಎಂಬ ಪ್ರಶ್ನೆಗೆ ಉತ್ತರ, ಅವರ ಮಗ ಕೈಯಲ್ಲಿ ಹಿಡಿದು ತಂದಿದ್ದ ಪ್ಲಾಸ್ಟಿಕ್ ಚೀಲದಲ್ಲಿತ್ತು. ರೋಗಿಯ ಗುರುತು ಸಿಗಬಾರದೆಂದು ಊರಿನ ಹೆಸರನ್ನೂ ಮೊದಲು ಚಿಕಿತ್ಸೆ ನೀಡಿದವರ ಹೆಸರನ್ನೂ ಇಲ್ಲಿ ಬಿಟ್ಟಿದ್ದೇನೆ.

ರೋಗಿಯ ಹಿನ್ನೆಲೆ

ಅವರಿಗೆ ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ, ಐದು ವರ್ಷಗಳಿಂದ ರಕ್ತದೊತ್ತಡ ಇದ್ದವು. ಮೆಣಸಿನಕಾಯಿಯ ಹಂಗಾಮಿನಲ್ಲಿ, ಅಂದರೆ ಜನವರಿಯಿಂದ ಮಾರ್ಚ್ ಮುಗಿಯುವವರೆಗೆ, ಬ್ಯಾಡಗಿಗೆ ಹೋಗಿ ಕಾಯಿಯ ತೊಟ್ಟು ಬಿಡಿಸುವ ಕೆಲಸ ಮಾಡುತ್ತಿದ್ದರು. ದಿನಕ್ಕೆ ಎಂಟು ತಾಸು ನೆಲದ ಮೇಲೆ ಕಾಲು ಮಡಚಿ ಕೂಡುವ ಈ ಕೆಲಸದಿಂದ ಮೊಣಕಾಲಿನ ನೋವು ಹೆಚ್ಚಾಗಿದ್ದು, ಮೂರು ವಾರಗಳಿಂದ ಔಷಧಿ ಅಂಗಡಿಯಲ್ಲಿ ಕೇಳಿ ತಂದ ನೋವಿನ ಗುಳಿಗೆಯನ್ನು ದಿನಕ್ಕೆ ಎರಡರಂತೆ ನುಂಗುತ್ತಿದ್ದರು. ಕೆಲಸದ ಜಾಗದಲ್ಲಿ ಹೆಂಗಸರಿಗೆ ಶೌಚಾಲಯದ ಅನುಕೂಲ ಸರಿಯಾಗಿ ಇರಲಿಲ್ಲವಾದ್ದರಿಂದ ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಈ ಕೊನೆಯ ಮಾತನ್ನು ಅವರು ಹೇಳಿದ್ದು ಆರನೆಯ ದಿನ, ಅದೂ ನರ್ಸ್ ಒಬ್ಬರೇ ಇದ್ದಾಗ. ಪುರುಷ ವೈದ್ಯರು ಕೇಳುವ ಪ್ರಶ್ನೆಗಳ ಪಟ್ಟಿಯಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ, ನನ್ನ ಪಟ್ಟಿಯಲ್ಲೂ ಇರಲಿಲ್ಲ.

ಸೋಮವಾರ ಸಂಜೆಯಿಂದ ಮಂಗಳವಾರ ಮಧ್ಯಾಹ್ನದವರೆಗೆ ಹತ್ತು ಹನ್ನೆರಡು ಬಾರಿ ನೀರಿನಂಥ ಭೇದಿ, ನಾಲ್ಕು ಬಾರಿ ವಾಂತಿ ಆಯಿತು. ಮಗ ಓ.ಆರ್.ಎಸ್. ಪೊಟ್ಟಣಗಳನ್ನು ತಂದರು, ಆದರೆ ಅದರಲ್ಲಿ ಸಕ್ಕರೆ ಇದೆ, ಸಕ್ಕರೆ ಕಾಯಿಲೆಯವರಿಗೆ ಕೊಡಬಾರದು ಎಂದು ಪಕ್ಕದ ಮನೆಯವರು ಹೇಳಿದ್ದರಿಂದ ಮಕ್ಕಳಿಗಷ್ಟೇ ಕುಡಿಸಿದರು. ಮಂಗಳವಾರ ಸಂಜೆ ಹತ್ತಿರದ ಊರಿನ ದವಾಖಾನೆಯಲ್ಲಿ ಒಂದು ಬಾಟಲಿ ಸಲೈನ್ ಹಚ್ಚಿ, ಮೈಕೈ ನೋವಿಗೆಂದು ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಬುಧವಾರ ಅರ್ಧ ಲೋಟ ಚಹಾ ಬಿಟ್ಟರೆ ಹೊಟ್ಟೆಗೆ ಏನೂ ಹೋಗಿರಲಿಲ್ಲ. ಆದರೂ ಎಲ್ಲ ಗುಳಿಗೆಗಳನ್ನೂ ಹೊತ್ತಿಗೆ ಸರಿಯಾಗಿ ಕೊಡಲಾಗಿತ್ತು. ಬುಧವಾರ ಸಂಜೆ ಭೇದಿ ಕಡಿಮೆಯಾದಾಗ ಮನೆಯವರು ನಿಟ್ಟುಸಿರು ಬಿಟ್ಟರು. ಮೂತ್ರವೂ ನಿಂತಿರುವುದು ಯಾರ ಗಮನಕ್ಕೂ ಬರಲಿಲ್ಲ. ಗುರುವಾರ ನಸುಕಿನ ನಾಲ್ಕು ಗಂಟೆಗೆ ಅವರು ಮೈತುಂಬ ಬೆವರಿ, ಸಂಬಂಧವಿಲ್ಲದ ಮಾತುಗಳನ್ನಾಡುತ್ತ, ಏದುಸಿರು ಬಿಡುತ್ತಿದ್ದರು. ದಮ್ಮು ಬಂದಿದೆಯೆಂದು ಭಾವಿಸಿ ಮೊದಲು ಕರೆದೊಯ್ದ ಕಡೆ ರಕ್ತ ಪರೀಕ್ಷೆ ಮಾಡಿ, ಎರಡೂ ಕಿಡ್ನಿ ಹೋಗಿವೆ, ಹುಬ್ಬಳ್ಳಿಗೆ ಒಯ್ಯಿರಿ ಎಂದು ಹೇಳಿದರು.

"ಒಂದ ಗುಳಿಗೀನೂ ತಪ್ಪಿಸಿಲ್ರೀ ಡಾಕ್ಟರೇ, ನಾನ ಕೈಯಾಗ ಕೊಟ್ಟೇನಿ" ಎಂದು ಮಗ ಹೇಳಿದಾಗ ಆ ದನಿಯಲ್ಲಿ ಇದ್ದದ್ದು ತಾಯಿಯ ಮೇಲಿನ ಕಾಳಜಿ ಮತ್ತು ವೈದ್ಯರ ಮಾತಿನ ಮೇಲಿನ ನಂಬಿಕೆ. ಒಂದು ದಿನವೂ ತಪ್ಪಿಸಬಾರದು ಎಂದು ಹೇಳಿ ಕಳಿಸುವವರು ನಾವೇ.

ದಾಖಲಾದಾಗಿನ ಸ್ಥಿತಿ

ರಕ್ತದೊತ್ತಡ 84/50, ನಾಡಿ ನಿಮಿಷಕ್ಕೆ 118, ಉಸಿರಾಟ ನಿಮಿಷಕ್ಕೆ 30. ನಾಲಿಗೆ ಒಣಗಿತ್ತು, ಕಣ್ಣು ಒಳಸೇರಿದ್ದವು. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಶ್ವಾಸಕೋಶಗಳು ಎರಡೂ ಕಡೆ ಶುಭ್ರವಾಗಿದ್ದವು, ಸಿಳ್ಳೆಯ ಸದ್ದಿರಲಿಲ್ಲ. ಚೀಲದಲ್ಲಿದ್ದ ಹಳೆಯ ಚೀಟಿಯೊಂದರಲ್ಲಿ ತೂಕ 62 ಕಿಲೋ ಎಂದಿತ್ತು, ಈಗ 58 ಇತ್ತು. ಮೂರು ದಿನಗಳಲ್ಲಿ ಇಳಿದ ನಾಲ್ಕು ಕಿಲೋ ತೂಕವೆಂದರೆ ಹೆಚ್ಚುಕಡಿಮೆ ನಾಲ್ಕು ಲೀಟರ್ ನೀರು ಮತ್ತು ಉಪ್ಪು. ಬೆರಳಿನ ತುದಿಯಿಂದ ನೋಡಿದ ಸಕ್ಕರೆ 46 ಮಿಲಿಗ್ರಾಂ ಇತ್ತು. ರಕ್ತನಾಳಕ್ಕೆ 25 ಗ್ರಾಂ ಗ್ಲೂಕೋಸ್ ಕೊಟ್ಟ ಐದು ನಿಮಿಷಗಳಲ್ಲಿ ಅವರು ಕಣ್ಣು ತೆರೆದು ಮಗನನ್ನು ಗುರುತಿಸಿದರು.

ಮೂತ್ರಕೋಶಕ್ಕೆ ನಳಿಕೆ ಹಾಕಿದಾಗ ಬಂದದ್ದು ಚಹಾದ ಬಣ್ಣದ 30 ಮಿಲಿ ಮೂತ್ರ ಮಾತ್ರ. ಮೂತ್ರಪಿಂಡ ಹೊರಹಾಕಬೇಕಾದ ತ್ಯಾಜ್ಯಗಳಾದ ಕ್ರಿಯಾಟಿನಿನ್ 4.3, ಬ್ಲಡ್ ಯೂರಿಯಾ 148, ಸೋಡಿಯಂ 131, ಪೊಟ್ಯಾಸಿಯಂ 6.6, ಕ್ಲೋರೈಡ್ 98, ಬೈಕಾರ್ಬನೇಟ್ 10, ರಕ್ತದ ಪಿಎಚ್ (ಇಳಿದಷ್ಟೂ ಆಮ್ಲ ಹೆಚ್ಚು) 7.24, ರಕ್ತಸಂಚಾರ ಕುಸಿದಾಗ ಏರುವ ಲ್ಯಾಕ್ಟೇಟ್ 4.2. ಇಸಿಜಿಯಲ್ಲಿ ಟಿ ಅಲೆಗಳು ಡೇರೆಯಂತೆ ಚೂಪಾಗಿ ಎದ್ದು ನಿಂತಿದ್ದವು, ಪೊಟ್ಯಾಸಿಯಂ ಹೃದಯವನ್ನು ತಟ್ಟಿದೆ ಎಂಬುದರ ಗುರುತು ಅದು. ಸ್ಕ್ಯಾನಿಂಗ್‌ನಲ್ಲಿ ಎರಡೂ ಮೂತ್ರಪಿಂಡಗಳು ಹತ್ತು ಸೆಂಟಿಮೀಟರ್ ಉದ್ದವಿದ್ದು, ಅಡ್ಡಿಯಾಗಲಿ ಊತವಾಗಲಿ ಕಾಣಲಿಲ್ಲ. ಚೀಲದಲ್ಲಿ ನಾಲ್ಕು ತಿಂಗಳ ಹಿಂದಿನ ಒಂದು ಲ್ಯಾಬ್ ವರದಿಯೂ ಇತ್ತು, ಅದರಲ್ಲಿ ಕ್ರಿಯಾಟಿನಿನ್ 0.9. ಆ ಮಡಚಿದ ಕಾಗದಕ್ಕಿಂತ ಬೆಲೆಯುಳ್ಳ ಪರೀಕ್ಷೆ ಆ ರಾತ್ರಿ ಬೇರೊಂದಿರಲಿಲ್ಲ. ವರ್ಷಗಳಿಂದ ಸವೆದ ಮೂತ್ರಪಿಂಡಗಳು ಸಾಮಾನ್ಯವಾಗಿ ಕುಗ್ಗಿರುತ್ತವೆ (ಸಕ್ಕರೆ ಕಾಯಿಲೆಯಲ್ಲಿ ಕೆಲವೊಮ್ಮೆ ಗಾತ್ರ ಉಳಿಯುವುದುಂಟು), ಹಳೆಯ ವರದಿಗಳಲ್ಲೂ ಅದರ ಸುಳಿವು ಇರುತ್ತದೆ. ಇಲ್ಲಿ ಎರಡೂ ಇರಲಿಲ್ಲ. ಹಾಗಾಗಿ ಇದು ಮೂರು ದಿನಗಳ ಕಾಯಿಲೆ, ಮರಳಿ ಬರಬಹುದಾದ ಕಾಯಿಲೆ ಎಂದು ಮನೆಯವರಿಗೆ ಆಗಲೇ ಹೇಳಲು ಸಾಧ್ಯವಾಯಿತು.

ಮಾಂಸಖಂಡಗಳಲ್ಲಿ ದಿನವೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಹುಟ್ಟುವ ಕ್ರಿಯಾಟಿನಿನ್ ಮೂತ್ರದಲ್ಲಿ ಹೋಗುತ್ತದೆ. ಮೂತ್ರಪಿಂಡಗಳು ಪೂರ್ತಿ ನಿಂತರೂ ಅದು ದಿನಕ್ಕೆ ಸಾಮಾನ್ಯವಾಗಿ 1ರಿಂದ 1.5ರಷ್ಟೇ ಏರುತ್ತದೆ. ಅಂದರೆ 0.9ರಿಂದ 4.3ಕ್ಕೆ ಏರಬೇಕಾದರೆ ಸೋಮವಾರ ರಾತ್ರಿಯಿಂದಲೇ ಸೋಸುವಿಕೆ ಬಹುಮಟ್ಟಿಗೆ ನಿಂತಿರಬೇಕು. ಮಂಗಳವಾರ ಒಂದು ಬಾಟಲಿ ಸಲೈನ್ ಹಚ್ಚಿದಾಗಲೇ ಮೂತ್ರಪಿಂಡ ಸಂಕಟದಲ್ಲಿತ್ತು.

ಕರುಳಿನ ಲೆಕ್ಕ

ಭೇದಿಯೆಂದರೆ ತಿಂದದ್ದು ಹೊರಹೋಗುವುದು ಎಂದು ನಾವು ತಿಳಿಯುತ್ತೇವೆ. ವಾಸ್ತವದಲ್ಲಿ ಹೊರಹೋಗುವುದು ಬಹುಪಾಲು ದೇಹದ್ದೇ ನೀರು. ಆರೋಗ್ಯವಂತರ ಸಣ್ಣ ಕರುಳಿಗೆ ದಿನಕ್ಕೆ ಸುಮಾರು 9 ಲೀಟರ್ ದ್ರವ ಬಂದು ಸೇರುತ್ತದೆ. ಅದರಲ್ಲಿ ಕುಡಿದದ್ದೂ ತಿಂದದ್ದೂ ಸೇರಿ 2 ಲೀಟರ್ ಮಾತ್ರ. ಉಳಿದ 7 ಲೀಟರ್ ಜೊಲ್ಲು, ಜಠರರಸ, ಪಿತ್ತರಸ, ಮೇದೋಜೀರಕ ಗ್ರಂಥಿಯ ರಸ ಮತ್ತು ಕರುಳಿನ ಸ್ವಂತ ರಸಗಳ ರೂಪದಲ್ಲಿ ರಕ್ತದಿಂದಲೇ ಇಳಿದು ಬಂದದ್ದು. ಜೀರ್ಣಕ್ರಿಯೆಗೆ ದೇಹ ಕೊಡುವ ಈ ಕೈಗಡವನ್ನು ಕರುಳು ದಿನದ ಕೊನೆಗೆ ಮರಳಿಸುತ್ತದೆ, ಮಲದಲ್ಲಿ ಹೋಗುವುದು 100ರಿಂದ 200 ಮಿಲಿ ಮಾತ್ರ. ಸೋಂಕಿನಿಂದ ಕರುಳಿನ ಒಳಪದರಕ್ಕೆ ಪೆಟ್ಟು ಬಿದ್ದಾಗ ಈ ಮರುಪಾವತಿ ನಿಲ್ಲುತ್ತದೆ. ರೋಗಿ ಏನನ್ನೂ ತಿನ್ನದೆ ಕುಡಿಯದೆ ಮಲಗಿದರೂ ಭೇದಿ ಮುಂದುವರಿಯುವುದು ಇದೇ ಕಾರಣಕ್ಕೆ, ಆದ್ದರಿಂದ ನೀರು ಕುಡಿದರೆ ಭೇದಿ ಹೆಚ್ಚುತ್ತದೆ ಎಂದು ಬಾಯಾರಿದವರಿಗೆ ನೀರು ಕೊಡದಿರುವುದು ತಪ್ಪು ಲೆಕ್ಕ.

ಹೀಗೆ ಹೋಗುವ ದ್ರವದಲ್ಲಿ ಸೋಡಿಯಂ, ಪೊಟ್ಯಾಸಿಯಂ ಮತ್ತು ಆಮ್ಲವನ್ನು ತಗ್ಗಿಸುವ ಬೈಕಾರ್ಬನೇಟ್ ಕೂಡ ಹೋಗುತ್ತವೆ. ಈ ರೋಗಿಯ ರಕ್ತದಲ್ಲಿ ಬೈಕಾರ್ಬನೇಟ್ 24ರ ಬದಲು 10 ಇತ್ತು, ಅಂದರೆ 14ರಷ್ಟು ಕೊರತೆ. ಸೋಡಿಯಂನಿಂದ ಕ್ಲೋರೈಡ್ ಮತ್ತು ಬೈಕಾರ್ಬನೇಟ್ ಕಳೆದು ನೋಡಿದರೆ ಉಳಿಯುವ ಅಂತರ 23, ಅದು ಸಾಮಾನ್ಯವಾಗಿ 12ರ ಆಸುಪಾಸಿನಲ್ಲಿರುತ್ತದೆ. ರಕ್ತದಲ್ಲಿ ಹೊಸದಾಗಿ ಸೇರಿದ ಆಮ್ಲಗಳ ಪಾಲು 11 ಎಂದು ಇದರಿಂದ ತಿಳಿಯುತ್ತದೆ. ಅದರಲ್ಲಿ ಸ್ವಲ್ಪ ಲ್ಯಾಕ್ಟಿಕ್ ಆಮ್ಲ, ಉಳಿದದ್ದು ಮೂತ್ರಪಿಂಡ ಹೊರಹಾಕಲಾಗದೆ ಉಳಿದದ್ದು. ಮಿಕ್ಕ ಮೂರು ಭೇದಿಯಲ್ಲಿ ಹೋದದ್ದೆಂದು ಅಂದಾಜಿಸಬಹುದು. ಮನೆಯವರು ದಮ್ಮು ಎಂದುಕೊಂಡದ್ದು ಈ ಆಮ್ಲೀಯತೆಗೆ ದೇಹ ಕೊಟ್ಟ ಉತ್ತರ. ಇಂಗಾಲದ ಡೈಆಕ್ಸೈಡನ್ನು ಆಳವಾದ ಉಸಿರಿನಿಂದ ಹೊರದೂಡಿ ಪಿಎಚ್ ಇನ್ನಷ್ಟು ಇಳಿಯದಂತೆ ಶ್ವಾಸಕೋಶಗಳು ಹೆಣಗುತ್ತಿದ್ದವು. ಏದುಸಿರು ಬಿಡುವ ರೋಗಿಯ ಎದೆ ಶುಭ್ರವಾಗಿದ್ದರೆ ರಕ್ತದ ಆಮ್ಲೀಯತೆಯನ್ನು ನೋಡಬೇಕು.

ಓ.ಆರ್.ಎಸ್. ವಿಷಯದಲ್ಲಿ ಪಕ್ಕದ ಮನೆಯವರು ಹೇಳಿದ್ದು ನನಗೆ ಬಹಳ ನೋವು ಕೊಟ್ಟಿತು, ಏಕೆಂದರೆ ನಮ್ಮ ಕಡೆಯ ಹಳ್ಳಿಗಳಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಸಣ್ಣ ಕರುಳಿನ ಜೀವಕೋಶಗಳಲ್ಲಿರುವ ಒಂದು ಸಾಗಣೆ ಪ್ರೋಟೀನು ಗ್ಲೂಕೋಸ್ ಮತ್ತು ಸೋಡಿಯಂ ಎರಡನ್ನೂ ಜೊತೆಯಾಗಿ ಮಾತ್ರ ಒಳಗೆ ಒಯ್ಯುತ್ತದೆ, ಅವುಗಳ ಹಿಂದೆ ನೀರು ಹೋಗುತ್ತದೆ. ಸೋಂಕು ತಗುಲಿದ ಕರುಳಿನಲ್ಲೂ ಈ ದಾರಿ ಬಹುಮಟ್ಟಿಗೆ ತೆರೆದೇ ಇರುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನ್‌ಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ ಸಲೈನ್ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಅಡುಗೆ ಸೋಡಾ ಮತ್ತು ಗ್ಲೂಕೋಸ್ ಕಲಸಿದ ನೀರನ್ನು ಕುಡಿಸಿ, ಸುಮಾರು 30 ಪ್ರತಿಶತ ಇದ್ದ ಸಾವಿನ ಪ್ರಮಾಣವನ್ನು 4 ಪ್ರತಿಶತಕ್ಕಿಂತ ಕೆಳಗೆ ಇಳಿಸಿದ್ದು ಇದೇ ದಾರಿಯಿಂದ. ಇಂದಿನ ಪೊಟ್ಟಣದಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಅಜ್ಜಿ ದಿನಕ್ಕೆ ತಿನ್ನುವ ಮೂರು ಜೋಳದ ರೊಟ್ಟಿಗಳ ಪಿಷ್ಟದೊಂದಿಗೆ ಹೋಲಿಸಿದರೆ ಇದು ಅಲ್ಪ. ಸಕ್ಕರೆ ಕಾಯಿಲೆಯವರಿಗೂ ಭೇದಿಯ ದಿನ ಓ.ಆರ್.ಎಸ್. ಕೊಡಬೇಕು, ಬೇಕಿದ್ದರೆ ಬೆರಳಿನ ರಕ್ತ ನೋಡುತ್ತ ಕೊಡಬೇಕು. ಬುಧವಾರ ಮನೆಯವರು ಮನಸ್ಸು ಬದಲಿಸಿ ಪೊಟ್ಟಣ ಒಡೆದರಂತೆ, ಆದರೆ ಲೀಟರ್ ನೀರಿಗೆ ಹಾಕಬೇಕಾದ ಇಡೀ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದಿದ್ದರು. ಅಷ್ಟು ಗಟ್ಟಿಯಾದ ದ್ರಾವಣ ಕರುಳಿಗೆ ನೀರನ್ನು ಇನ್ನಷ್ಟು ಎಳೆಯುತ್ತದೆ. ಒಂದು ಗುಟುಕಿಗೇ ಉಪ್ಪುಪ್ಪಾಗಿ ಅವರು ಉಗುಳಿದ್ದು ಒಳ್ಳೆಯದೇ ಆಯಿತು.

ಮೂತ್ರಪಿಂಡದ ಎರಡು ಬಾಗಿಲು

ನಾಲ್ಕು ಲೀಟರ್ ನೀರು ಕಳೆದುಕೊಂಡರೂ ಸಾಮಾನ್ಯವಾಗಿ ಮೂತ್ರಪಿಂಡ ಇಷ್ಟು ಬೇಗ ಸೋಲುವುದಿಲ್ಲ. ಹೃದಯ ಹೊರದೂಡುವ ರಕ್ತದ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು, ನಿಮಿಷಕ್ಕೆ ಒಂದು ಲೀಟರ್‌ಗೂ ಮಿಕ್ಕಿ, ಮುನ್ನೂರು ಗ್ರಾಂ ತೂಕದ ಈ ಎರಡು ಅಂಗಗಳಿಗೆ ಹೋಗುತ್ತದೆ. ಪ್ರತಿಯೊಂದರಲ್ಲೂ ಸುಮಾರು ಹತ್ತು ಲಕ್ಷ ನೆಫ್ರಾನುಗಳೆಂಬ ಸೋಸುವ ಘಟಕಗಳಿದ್ದು, ಅವುಗಳ ಮೊದಲಲ್ಲಿರುವ ಕೇಶನಾಳಗಳ ಗೊಂಚಲು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತದೆ. ಅದರಲ್ಲಿ ಒಂದೂವರೆ ಲೀಟರ್ ಮಾತ್ರ ಮೂತ್ರವಾಗಿ, ಉಳಿದದ್ದೆಲ್ಲ ಸೂಕ್ಷ್ಮನಾಳಗಳಲ್ಲಿ ಹಿಂದಕ್ಕೆ ಹೀರಲ್ಪಡುತ್ತದೆ. ಸೋಸುವಿಕೆ ನಡೆಯಬೇಕಾದರೆ ಆ ಗೊಂಚಲಿನೊಳಗೆ ಒತ್ತಡ ನಿಲ್ಲಬೇಕು.

ಹೊಲಕ್ಕೆ ನೀರು ಹಾಯಿಸುವವರಿಗೆ ಇದನ್ನು ವಿವರಿಸುವುದು ಸುಲಭ. ಕಾಲುವೆಯಲ್ಲಿ ನೀರು ಕಡಿಮೆಯಾದಾಗ ಮಡಿಯಲ್ಲಿ ನೀರು ನಿಲ್ಲಿಸಲು ರೈತರು ಎರಡು ಕೆಲಸ ಮಾಡುತ್ತಾರೆ. ನೀರು ಬರುವ ಬಾಯನ್ನು ಅಗಲ ಮಾಡುತ್ತಾರೆ, ಹೋಗುವ ಬಾಯಿಗೆ ಮಣ್ಣು ಹಾಕಿ ಕಿರಿದು ಮಾಡುತ್ತಾರೆ. ಮೂತ್ರಪಿಂಡವೂ ಹಾಗೆಯೇ ಮಾಡುತ್ತದೆ. ರಕ್ತ ಕಡಿಮೆಯಾದಾಗ ಒಳಬರುವ ಕಿರುಧಮನಿಯನ್ನು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಸಡಿಲಿಸಿ ಅಗಲವಾಗಿಡುತ್ತವೆ. ಹೊರಹೋಗುವ ಕಿರುಧಮನಿಯನ್ನು ಆಂಜಿಯೊಟೆನ್ಸಿನ್ ಎಂಬ ಹಾರ್ಮೋನು ಬಿಗಿಗೊಳಿಸುತ್ತದೆ. ಹೀಗೆ ಬರುವ ರಕ್ತ ಅರ್ಧಕ್ಕೆ ಇಳಿದರೂ ಗೊಂಚಲಿನ ಒತ್ತಡವನ್ನು ಕೆಲಕಾಲ ಕಾಯ್ದುಕೊಳ್ಳಬಹುದು. ಅಜ್ಜನ ಮೂತ್ರಪಿಂಡವೂ ಮಗನ ಮೂತ್ರಪಿಂಡವೂ ಆ ಎರಡು ದಿನ ಮಾಡಿದ್ದು ಇದನ್ನೇ.

ಈಗ ಪ್ಲಾಸ್ಟಿಕ್ ಚೀಲಕ್ಕೆ ಬರೋಣ. ಅದರಲ್ಲಿ ಮೂರು ಪಟ್ಟಿ ಗುಳಿಗೆಗಳಿದ್ದವು. ಮನೆಯವರ ಲೆಕ್ಕದಲ್ಲಿ ಅವು ಬಿ.ಪಿ. ಗುಳಿಗೆ, ಸಕ್ಕರೆ ಗುಳಿಗೆ, ಕಾಲುನೋವಿನ ಗುಳಿಗೆ. ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ ಒಂದೊಂದರಲ್ಲೂ ಎರಡೆರಡು ಔಷಧಗಳಿದ್ದವು. ಮೊದಲನೆಯದು 40 ಮಿಲಿಗ್ರಾಂ ಟೆಲ್ಮಿಸಾರ್ಟಾನ್ ಮತ್ತು 12.5 ಮಿಲಿಗ್ರಾಂ ಹೈಡ್ರೊಕ್ಲೋರೊಥಯಾಜೈಡ್. ಎರಡನೆಯದು 500 ಮಿಲಿಗ್ರಾಂ ಮೆಟ್‌ಫಾರ್ಮಿನ್ ಮತ್ತು 1 ಮಿಲಿಗ್ರಾಂ ಗ್ಲಿಮೆಪಿರೈಡ್. ಮೂರನೆಯದು ಡೈಕ್ಲೊಫೆನಾಕ್ ಮತ್ತು ಪ್ಯಾರಾಸಿಟಮಾಲ್. ಮಂಗಳವಾರ ಕೊಟ್ಟ ಇಂಜೆಕ್ಷನ್ ಕೂಡ ಡೈಕ್ಲೊಫೆನಾಕ್ ಎಂದು ಚೀಟಿಯಿಂದ ತಿಳಿಯಿತು.

ಡೈಕ್ಲೊಫೆನಾಕ್ ಪ್ರೊಸ್ಟಗ್ಲಾಂಡಿನ್ ಉತ್ಪತ್ತಿಯನ್ನು ತಡೆಯುತ್ತದೆ, ಆದ್ದರಿಂದ ನೋವು ಕಡಿಮೆಯಾಗುತ್ತದೆ. ಅದೇ ಕಾರಣಕ್ಕೆ ಮಡಿಗೆ ನೀರು ಬರುವ ಬಾಯಿ ಅಗಲವಾಗದೆ ಉಳಿಯುತ್ತದೆ. ಟೆಲ್ಮಿಸಾರ್ಟಾನ್ ಆಂಜಿಯೊಟೆನ್ಸಿನ್‌ನ ಕೆಲಸವನ್ನು ತಡೆಯುತ್ತದೆ, ಆದ್ದರಿಂದ ರಕ್ತದೊತ್ತಡ ಇಳಿಯುತ್ತದೆ. ಅದೇ ಕಾರಣಕ್ಕೆ ಹೋಗುವ ಬಾಯಿ ಬಿಗಿಯಾಗದೆ ತೆರೆದೇ ಉಳಿಯುತ್ತದೆ. ಥಯಾಜೈಡ್ ಉಪ್ಪು ನೀರನ್ನು ಮೂತ್ರದಲ್ಲಿ ಕಳಿಸುತ್ತದೆ, ಅಂದರೆ ಕಾಲುವೆಯಲ್ಲಿ ಮೊದಲೇ ಕಡಿಮೆ ಇದ್ದ ನೀರನ್ನು ಇನ್ನೂ ಕಡಿಮೆ ಮಾಡುತ್ತದೆ. ನೆಟ್ಟಗಿದ್ದ ದಿನಗಳಲ್ಲಿ ಟೆಲ್ಮಿಸಾರ್ಟಾನ್ ಸಕ್ಕರೆ ಕಾಯಿಲೆಯವರ ಮೂತ್ರಪಿಂಡವನ್ನು ಕಾಪಾಡುವ ಔಷಧವೇ ಹೌದು, ಮತ್ತು ಅದನ್ನು ಬರೆದ ವೈದ್ಯರು ಸರಿಯಾಗಿಯೇ ಬರೆದಿದ್ದರು. ನೀರು ಹೋದ ದಿನ ಮಾತ್ರ ಅದು, ಡೈಕ್ಲೊಫೆನಾಕ್ ಮತ್ತು ಥಯಾಜೈಡ್‌ಗಳ ಜೊತೆಗೂಡಿ, ಮೂತ್ರಪಿಂಡಕ್ಕಿದ್ದ ಎಲ್ಲ ಉಪಾಯಗಳನ್ನೂ ಕಸಿದುಕೊಂಡಿತು.

ಭೇದಿಯಲ್ಲಿ ಪೊಟ್ಯಾಸಿಯಂ ಹೋಗಿರುವಾಗ ರಕ್ತದಲ್ಲಿ ಅದು 6.6ಕ್ಕೆ ಏರಿದ್ದು ಹೇಗೆ ಎಂದು ನಮ್ಮ ಕಿರಿಯ ವೈದ್ಯರು ಕೇಳಿದರು, ಸರಿಯಾದ ಪ್ರಶ್ನೆಯೇ. ದೇಹದಿಂದ ಪೊಟ್ಯಾಸಿಯಂ ಹೊರಹೋಗುವ ಮುಖ್ಯ ದಾರಿ ಮೂತ್ರ, ಸುಮಾರು 90 ಪ್ರತಿಶತ ಅಲ್ಲಿಂದಲೇ ಹೋಗುತ್ತದೆ. ಆ ದಾರಿ ಮುಚ್ಚಿತ್ತು. ಪೊಟ್ಯಾಸಿಯಂ ಹೊರಹಾಕುವಂತೆ ಮೂತ್ರಪಿಂಡಕ್ಕೆ ಸೂಚನೆ ಕೊಡುವ ಅಲ್ಡೊಸ್ಟೆರೋನ್ ಹಾರ್ಮೋನನ್ನು ಟೆಲ್ಮಿಸಾರ್ಟಾನ್ ತಗ್ಗಿಸಿತ್ತು, ಡೈಕ್ಲೊಫೆನಾಕ್ ಕೂಡ ಅದಕ್ಕೆ ಕೈಜೋಡಿಸಿತ್ತು. ಆಮ್ಲೀಯತೆಯೂ ಜೀವಕೋಶಗಳೊಳಗಿನ ಪೊಟ್ಯಾಸಿಯಂ ರಕ್ತಕ್ಕೆ ಸರಿಯಲು ಸ್ವಲ್ಪಮಟ್ಟಿಗೆ ಕಾರಣವಾಗಿತ್ತು.

ಸಕ್ಕರೆ ಏಕೆ ಇಳಿಯಿತು

ಈ ಪ್ರಕರಣದಲ್ಲಿ ನಸುಕಿನಲ್ಲಿ ಪ್ರಾಣಕ್ಕೆ ಬಂದಿದ್ದ ಆಪತ್ತು ಕ್ರಿಯಾಟಿನಿನ್‌ನಿಂದ ಬಂದದ್ದಲ್ಲ. 46ಕ್ಕೆ ಇಳಿದ ಸಕ್ಕರೆ ಮತ್ತು 6.6ಕ್ಕೆ ಏರಿದ ಪೊಟ್ಯಾಸಿಯಂ ಅದಕ್ಕೆ ಕಾರಣ. ಊಟವಿಲ್ಲದಾಗ ರಕ್ತದ ಸಕ್ಕರೆಯನ್ನು ಕಾಯುವುದು ಮೊದಲಿಗೆ ಯಕೃತ್ತು. ಅದರಲ್ಲಿ ಗ್ಲೈಕೋಜನ್ ರೂಪದಲ್ಲಿರುವ ಸುಮಾರು ನೂರು ಗ್ರಾಂ ದಾಸ್ತಾನು ಒಂದು ದಿನದೊಳಗೆ ಬಹುಪಾಲು ಖರ್ಚಾಗುತ್ತದೆ. ಅದರ ನಂತರ ಲ್ಯಾಕ್ಟೇಟ್ ಮತ್ತು ಅಮೈನೊ ಆಮ್ಲಗಳಿಂದ ಹೊಸದಾಗಿ ಗ್ಲೂಕೋಸ್ ತಯಾರಾಗಬೇಕು. ಈ ತಯಾರಿಕೆ ಯಕೃತ್ತಿನಲ್ಲಿ ಮಾತ್ರವಲ್ಲ, ಮೂತ್ರಪಿಂಡದಲ್ಲೂ ಗಣನೀಯ ಪ್ರಮಾಣದಲ್ಲಿ ನಡೆಯುತ್ತದೆ. ಮೂತ್ರಪಿಂಡವೆಂದರೆ ಕೊಳೆ ತೊಳೆಯುವ ಅಂಗ ಎಂದಷ್ಟೇ ಶಾಲೆಯಲ್ಲಿ ಕಲಿತವರಿಗೆ ಇದು ಹೊಸದಾಗಿ ಕಾಣಬಹುದು. ಇದರ ಜೊತೆಗೆ ರಕ್ತದಲ್ಲಿರುವ ಇನ್ಸುಲಿನ್‌ನ ಒಂದು ದೊಡ್ಡ ಪಾಲನ್ನು ಒಡೆದು ಮುಗಿಸುವುದೂ ಮೂತ್ರಪಿಂಡವೇ.

ಅಜ್ಜಿಯ ವಿಷಯದಲ್ಲಿ ಈ ಎಲ್ಲವೂ ಒಟ್ಟಿಗೆ ಕೆಟ್ಟಿದ್ದವು. ಊಟವಿಲ್ಲದೆ ದಾಸ್ತಾನು ಬರಿದಾಗಿತ್ತು. ಮೆಟ್‌ಫಾರ್ಮಿನ್ ಯಕೃತ್ತು ಗ್ಲೂಕೋಸ್ ತಯಾರಿಸುವುದನ್ನು ತಗ್ಗಿಸುತ್ತದೆ, ಮತ್ತು ಅದು ದೇಹದಲ್ಲಿ ರೂಪಾಂತರಗೊಳ್ಳದೆ ಮೂತ್ರದಲ್ಲೇ ಹೋಗಬೇಕಾದ ಔಷಧವಾದ್ದರಿಂದ ಮೂತ್ರ ನಿಂತಾಗ ರಕ್ತದಲ್ಲಿ ಶೇಖರವಾಗುತ್ತದೆ. ಲ್ಯಾಕ್ಟೇಟ್ ಏರಿದ್ದರಲ್ಲಿ ರಕ್ತಸಂಚಾರ ಕುಸಿದದ್ದರ ಜೊತೆ ಇದರ ಪಾಲೂ ಇದ್ದಿರಬೇಕು. ಗ್ಲಿಮೆಪಿರೈಡ್ ಊಟ ಇರಲಿ ಇಲ್ಲದಿರಲಿ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಯಕೃತ್ತು ಈ ಔಷಧವನ್ನು ಬದಲಿಸಿದ ಮೇಲೂ ಉಳಿಯುವ ಸಕ್ರಿಯ ಅಂಶ ಮೂತ್ರದ ದಾರಿ ಕಾಯುತ್ತದೆ. ಹೀಗಾಗಿ ಮೊದಲ ಗ್ಲೂಕೋಸ್‌ನಿಂದ 168ಕ್ಕೆ ಏರಿದ್ದ ಸಕ್ಕರೆ ಮೂರು ತಾಸಿನಲ್ಲಿ ಮತ್ತೆ 58ಕ್ಕೆ ಇಳಿಯಿತು, ಮತ್ತು 30 ತಾಸುಗಳವರೆಗೆ 10 ಪ್ರತಿಶತ ಗ್ಲೂಕೋಸ್ ಹನಿಸುತ್ತಲೇ ಇರಬೇಕಾಯಿತು. ಸಕ್ಕರೆ ಗುಳಿಗೆಯಿಂದ ಎಚ್ಚರ ತಪ್ಪಿದವರಿಗೆ ಒಮ್ಮೆ ಗ್ಲೂಕೋಸ್ ಕೊಟ್ಟು, ಎಚ್ಚರವಾದರೆಂದು ಮನೆಗೆ ಕಳಿಸುವುದು ಅಪಾಯ.

ಚಿಕಿತ್ಸೆ ಮತ್ತು ಒಂಬತ್ತು ದಿನಗಳು

ಮೂರೂ ಗುಳಿಗೆಗಳನ್ನು ನಿಲ್ಲಿಸಲಾಯಿತು. ಹೃದಯವನ್ನು ಪೊಟ್ಯಾಸಿಯಂನಿಂದ ಕಾಯಲು ಕ್ಯಾಲ್ಸಿಯಂ ಗ್ಲುಕೊನೇಟ್ ನಿಧಾನವಾಗಿ ಕೊಟ್ಟೆವು, ಕೆಲವೇ ನಿಮಿಷಗಳಲ್ಲಿ ಟಿ ಅಲೆಗಳು ತಗ್ಗಿದವು. ಪೊಟ್ಯಾಸಿಯಂ ಅನ್ನು ಜೀವಕೋಶಗಳೊಳಗೆ ತಳ್ಳಲು ಇನ್ಸುಲಿನ್ ಬೇಕು, ಆದರೆ ಈ ರೋಗಿಯ ಆಪತ್ತೇ ಸಕ್ಕರೆ ಇಳಿದದ್ದು. ಆದ್ದರಿಂದ ವಾಡಿಕೆಯ ಹತ್ತು ಯೂನಿಟ್‌ಗಳ ಬದಲು ಐದು ಯೂನಿಟ್ ಇನ್ಸುಲಿನ್ನನ್ನು ಗ್ಲೂಕೋಸ್ ಜೊತೆ ಕೊಟ್ಟು, ಸಾಲ್ಬುಟಮಾಲ್ ಆವಿ ಕೊಟ್ಟು, ಅರ್ಧ ಅರ್ಧ ತಾಸಿಗೆ ಬೆರಳಿನ ರಕ್ತ ನೋಡಿದೆವು. ಮೊದಲ ನಾಲ್ಕು ತಾಸುಗಳಲ್ಲಿ ಮೂರು ಲೀಟರ್ ದ್ರವ ಹೋಯಿತು, ಒಂದು ಲೀಟರ್ ಸಾದಾ ಸಲೈನ್, ಆಮೇಲೆ ರಿಂಗರ್ ಲ್ಯಾಕ್ಟೇಟ್. ಪ್ರತಿ ಅರ್ಧ ಲೀಟರಿಗೊಮ್ಮೆ ಎದೆಯನ್ನು ಆಲಿಸಿ, ಕುತ್ತಿಗೆಯ ರಕ್ತನಾಳವನ್ನು ನೋಡಿ ಮುಂದುವರಿಯುತ್ತಿದ್ದೆವು.

ಡಯಾಲಿಸಿಸ್ ಮಾಡಬೇಕೇ ಎಂಬ ನಿರ್ಧಾರವನ್ನು ನಾಲ್ಕು ತಾಸು ತಡೆದೆವು, ಯಂತ್ರವನ್ನು ಸಿದ್ಧವಾಗಿಟ್ಟುಕೊಂಡೇ ತಡೆದೆವು. ಔಷಧಕ್ಕೆ ಬಗ್ಗದ ಪೊಟ್ಯಾಸಿಯಂ, ಬಗ್ಗದ ಆಮ್ಲೀಯತೆ, ಶ್ವಾಸಕೋಶದಲ್ಲಿ ನೀರು, ಯೂರಿಯಾದಿಂದ ಮಿದುಳು ಅಥವಾ ಹೃದಯದ ಹೊದಿಕೆಗೆ ತೊಂದರೆ, ಇವು ಡಯಾಲಿಸಿಸ್‌ಗೆ ಕಾರಣಗಳೇ ಹೊರತು ಕ್ರಿಯಾಟಿನಿನ್‌ನ ಯಾವುದೋ ಒಂದು ಸಂಖ್ಯೆ ಕಾರಣವಲ್ಲ. ನಾಲ್ಕು ತಾಸಿನ ಕೊನೆಗೆ ರಕ್ತದೊತ್ತಡ 110/70, ಪೊಟ್ಯಾಸಿಯಂ 5.7, ಮೂತ್ರ ತಾಸಿಗೆ 25 ಮಿಲಿ. ಯಂತ್ರ ಬೇಕಾಗಲಿಲ್ಲ.

ಮೂತ್ರಪಿಂಡಕ್ಕೆ ರಕ್ತ ಕಡಿಮೆಯಾದದ್ದು ಮಾತ್ರವೇ, ಇಲ್ಲ ಸೂಕ್ಷ್ಮನಾಳಗಳಿಗೂ ಪೆಟ್ಟಾಗಿದೆಯೇ ಎಂಬುದು ಮುಂದಿನ ಪ್ರಶ್ನೆಯಾಗಿತ್ತು. ಮೂತ್ರದ ಸೋಡಿಯಂ ಇದಕ್ಕೆ ಸಾಮಾನ್ಯವಾಗಿ ಉತ್ತರ ಕೊಡುತ್ತದೆ, ಆದರೆ ಥಯಾಜೈಡ್ ನುಂಗಿದವರಲ್ಲಿ ಅದನ್ನು ನಂಬುವಂತಿಲ್ಲ. ನೀರಿನ ಕೊರತೆ ಮಾತ್ರವಿದ್ದರೆ ಬ್ಲಡ್ ಯೂರಿಯಾ ಕ್ರಿಯಾಟಿನಿನ್‌ಗಿಂತ 40 ಪಟ್ಟಿಗೂ ಮೀರಿ ಓಡುತ್ತದೆ, ಇಲ್ಲಿ ಅದು 34 ಪಟ್ಟು ಇತ್ತು. ಮೂತ್ರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸೂಕ್ಷ್ಮನಾಳದ ಆಕಾರದ, ಕಂದುಬಣ್ಣದ, ಕಣಕಣವಾದ ಅಚ್ಚುಗಳು ಕಂಡವು, ಅವು ಉದುರಿದ ನಾಳಕೋಶಗಳ ಗುರುತು. ಪೆಟ್ಟು ತಗುಲಿತ್ತು. ಅದಕ್ಕೇ ಮೂತ್ರ ಬರತೊಡಗಿದರೂ ಮರುದಿನ ಕ್ರಿಯಾಟಿನಿನ್ 4.8ಕ್ಕೆ ಏರಿತು, ಮನೆಯವರ ಮುಖ ಬಾಡಿತು. ಮೂರನೆಯ ದಿನ 4.1, ಐದನೆಯ ದಿನ 2.9. ಆ ಹೊತ್ತಿಗೆ ಮೂತ್ರ ದಿನಕ್ಕೆ ಮೂರೂವರೆ ಲೀಟರ್ ಆಗತೊಡಗಿತ್ತು. ಸೋಸುವ ಕೆಲಸ ಮರಳಿದರೂ ಹಿಂದಕ್ಕೆ ಹೀರುವ ಕೆಲಸ ಇನ್ನೂ ಪಳಗದ ಹಂತ ಇದು, ಆಗ ಪೊಟ್ಯಾಸಿಯಂ 3.3ಕ್ಕೆ ಇಳಿದು, ಮೊದಲ ದಿನ ಹೆದರಿಸಿದ್ದನ್ನೇ ಬಾಯಿಂದ ಕೊಡಬೇಕಾಯಿತು. ಒಂಬತ್ತನೆಯ ದಿನ ಕ್ರಿಯಾಟಿನಿನ್ 1.4 ಇದ್ದಾಗ ಮನೆಗೆ ಕಳಿಸಿದೆವು.

ಬಿಡುಗಡೆಯ ದಿನದ ಮಾತು

"ಖಾರ ತಿಂದು, ಮೆಣಸಿನಕಾಯಿ ಧೂಳ ಕುಡದು ಕಿಡ್ನಿ ಉಷ್ಣ ಆಗ್ಯಾವು ಅಂತಾರ್ರೀ, ಖರೇನ?" ಎಂದು ಅಜ್ಜಿ ಕೇಳಿದರು. ಮೆಣಸಿನಕಾಯಿಯ ಧೂಳು ಕೆಮ್ಮನ್ನೂ ಕಣ್ಣುರಿಯನ್ನೂ ತರುತ್ತದೆ, ಈ ಕಾಯಿಲೆಯನ್ನು ತಂದದ್ದು ಅದಲ್ಲ ಎಂದು ಹೇಳಿದೆ. ಆ ದಿನ ಅವರಿಗೆ ನಾವು ಕೊಟ್ಟದ್ದು, ಮಗಳು ದೊಡ್ಡ ಅಕ್ಷರಗಳಲ್ಲಿ ಬರೆದು ಗುಳಿಗೆಯ ಚೀಲಕ್ಕೆ ಅಂಟಿಸಿದ ಒಂದು ಚೀಟಿ. ವಾಂತಿ, ಭೇದಿ ಅಥವಾ ಜ್ವರದಿಂದ ಊಟ ನೀರು ಹೊಟ್ಟೆಯಲ್ಲಿ ನಿಲ್ಲದ ದಿನ ಬಿ.ಪಿ. ಗುಳಿಗೆ ಮತ್ತು ಸಕ್ಕರೆ ಗುಳಿಗೆಗಳನ್ನು ತಡೆಯಬೇಕು, ಅದೇ ದಿನ ಫೋನ್ ಮಾಡಬೇಕು, ಊಟ ನೀರು ಸರಿಯಾಗಿ ನಿಂತು ಒಂದೆರಡು ದಿನಗಳಾದ ಮೇಲೆ ಮತ್ತೆ ಶುರು ಮಾಡಬೇಕು, ಆರು ತಾಸು ಮೂತ್ರ ಆಗದಿದ್ದರೆ ಕಾಯದೆ ಬರಬೇಕು ಎಂದು ಅದರಲ್ಲಿದೆ.

ಈ ಬಗೆಯ ಚೀಟಿಯ ಬಗ್ಗೆ ವೈದ್ಯರಲ್ಲಿ ಪೂರ್ಣ ಒಮ್ಮತವಿಲ್ಲ. ತಡೆದವರು ಮತ್ತೆ ಶುರು ಮಾಡುವುದನ್ನು ಮರೆಯುತ್ತಾರೆ, ಸಣ್ಣ ನೆಗಡಿಗೂ ಗುಳಿಗೆ ಬಿಡುತ್ತಾರೆ ಎಂಬ ಆಕ್ಷೇಪ ಸುಳ್ಳಲ್ಲ. ಎಲ್ಲ ಗುಳಿಗೆಗಳನ್ನೂ ತಡೆಯಬಹುದು ಎಂದು ಅರ್ಥ ಮಾಡಿಕೊಂಡರೆ ಇನ್ನೂ ಕೆಟ್ಟದ್ದು: ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ರಕ್ತ ತಿಳಿ ಮಾಡುವ ಗುಳಿಗೆ, ಮೂರ್ಛೆರೋಗದ ಗುಳಿಗೆ, ದೀರ್ಘಕಾಲದಿಂದ ತೆಗೆದುಕೊಳ್ಳುವ ಸ್ಟಿರಾಯ್ಡ್, ಇನ್ಸುಲಿನ್ ಇಲ್ಲದೆ ಬದುಕಲಾರದವರ ಇನ್ಸುಲಿನ್, ಇವನ್ನು ತಾವಾಗಿ ನಿಲ್ಲಿಸಲೇಬಾರದು. ಸಕ್ಕರೆಯನ್ನು ಮೂತ್ರದಲ್ಲಿ ಕಳಿಸುವ ಡಾಪಾಗ್ಲಿಫ್ಲೋಜಿನ್ ಜಾತಿಯ ಹೊಸ ಗುಳಿಗೆಗಳನ್ನೂ ಅಂಥ ದಿನ ತಡೆಯಬೇಕು, ಈ ಅಜ್ಜಿ ಅದನ್ನು ತೆಗೆದುಕೊಳ್ಳುತ್ತಿರಲಿಲ್ಲ. ಆದ್ದರಿಂದ ಒಬ್ಬೊಬ್ಬರ ಚೀಲವನ್ನೂ ಬಿಚ್ಚಿ, ಒಂದೊಂದು ಪಟ್ಟಿಯ ಹಿಂಬದಿಯನ್ನೂ ಓದಿ, ಇದು ತಡೆಯುವುದು, ಇದು ತಡೆಯಬಾರದ್ದು ಎಂದು ಬೇರೆಬೇರೆಯಾಗಿ ಬರೆದುಕೊಡಬೇಕು ಎಂಬುದು ನನ್ನ ನಿಲುವು. ಅದಕ್ಕೆ ಹತ್ತು ನಿಮಿಷ ಬೇಕು. ಹೊರರೋಗಿಗಳ ಸಾಲಿನಲ್ಲಿ ಹತ್ತು ನಿಮಿಷ ಸಿಗುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು.

ಆರು ವಾರಗಳ ನಂತರ ಕ್ರಿಯಾಟಿನಿನ್ 1.0 ಇತ್ತು. ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು ಸಾಮಾನ್ಯಕ್ಕಿಂತ ಸ್ವಲ್ಪ ಹೆಚ್ಚಿತ್ತು, ಸಕ್ಕರೆ ಕಾಯಿಲೆ ಮೂತ್ರಪಿಂಡವನ್ನು ಮುಟ್ಟಲು ಶುರುಮಾಡಿದೆ ಎಂಬುದರ ಮೊದಲ ಸೂಚನೆ ಅದಾಗಿರಬಹುದು, ಆದ್ದರಿಂದ ಟೆಲ್ಮಿಸಾರ್ಟಾನ್ ಅನ್ನು ಮತ್ತೆ ಕೊಡಬೇಕಿತ್ತು. ಅದನ್ನು ಥಯಾಜೈಡ್ ಇಲ್ಲದ ಗುಳಿಗೆಯಾಗಿ ಶುರುಮಾಡಿ, ಹತ್ತು ದಿನಗಳ ನಂತರ ಪೊಟ್ಯಾಸಿಯಂ ನೋಡಿದೆವು, 4.6 ಇತ್ತು. ಮೆಟ್‌ಫಾರ್ಮಿನ್ ಮರಳಿತು, ಗ್ಲಿಮೆಪಿರೈಡ್ ಮರಳಲಿಲ್ಲ. ಉಳಿದದ್ದು ಮೊಣಕಾಲು. ನೋವಿನ ಗುಳಿಗೆ ನಿಲ್ಲಿಸಿ ಎಂದು ಹೇಳುವುದು ಸುಲಭ, ಆ ಗುಳಿಗೆಯಿಂದಲೇ ಅವರು ಎಂಟು ತಾಸು ಕೂಡಲು, ದಿನದ ಕೂಲಿ ದುಡಿಯಲು ಸಾಧ್ಯವಾಗಿತ್ತು. ಪ್ಯಾರಾಸಿಟಮಾಲ್ ಒಂದನ್ನೇ ಕೊಟ್ಟು, ತೊಡೆಯ ಸ್ನಾಯುವಿನ ವ್ಯಾಯಾಮ ಕಲಿಸಿದೆವು. ನೆಲದ ಬದಲು ಎತ್ತರದ ಮಣೆಯ ಮೇಲೆ ಕೂತು ತೊಟ್ಟು ಬಿಡಿಸಲು ಮಗ ಕಟ್ಟಿಗೆಯದೊಂದು ಮಣೆ ಮಾಡಿಸಿದ್ದಾರೆ. ನೋವು ಪೂರ್ತಿ ಹೋಗಿಲ್ಲ. ಜನವರಿಯಲ್ಲಿ ಹಂಗಾಮು ಶುರುವಾಗುವ ಮೊದಲು ಒಮ್ಮೆ, ಮಾರ್ಚ್‌ನಲ್ಲಿ ಬಿಸಿಲು ಏರಿದಾಗ ಒಮ್ಮೆ ಕ್ರಿಯಾಟಿನಿನ್ ನೋಡುವುದೆಂದು ಚೀಟಿಯ ಹಿಂಬದಿಯಲ್ಲಿ ಬರೆದಿದ್ದೇವೆ.